ಕಾರ್ಡಿನ ಗೆರೆ ಏಳುತ್ತಿದೆಯಾ, ಮಲಗಿದೆಯಾ?

ತೂಕದ ದಿನ ದಾವಣಗೆರೆಯ ಯಾವುದಾದರೂ ಅಂಗನವಾಡಿಗೆ ಹೋಗಿ ನೋಡಿ. ಮಗು ತಕ್ಕಡಿಯಲ್ಲಿ ಕೂತು ಚೀರುತ್ತಿರುತ್ತದೆ. "ದೃಷ್ಟಿ ಆಗ್ತದೆ, ಬೇಗ ಇಳಿಸ್ರೀ ಟೀಚರ್" ಅಂತ ಅಜ್ಜಿಯ ಅವಸರ. ಆ ಗಲಾಟೆಯಲ್ಲಿ ಅಂದಾಜಿಗೆ ಒಂದು ಅಂಕಿ ಬರೆದರೆ ಮುಗಿಯಿತು, ಆ ತಿಂಗಳ ಲೆಕ್ಕ ಸುಳ್ಳಾಯಿತು. ಎರಡು ನಿಮಿಷ ತಡವಾದರೂ ಪರವಾಗಿಲ್ಲ, ಸರಿಯಾಗಿ ಅಳೆಯಬೇಕು.

ಮೊದಲು ತೂಕ. ಖಾಲಿ ತಕ್ಕಡಿ ಸೊನ್ನೆ ತೋರಿಸುತ್ತಿದೆಯಾ ನೋಡಿ. ಕುಲಾವಿ, ಸ್ವೆಟರ್, ಡೈಪರ್ ಎಲ್ಲ ಬಿಚ್ಚಿ. ತವರಿನವರು ಹಾಕಿದ ಬೆಳ್ಳಿ ಕಡಗವನ್ನೂ ತೆಗೆಯಿರಿ. ಆರು ತಿಂಗಳು ದಾಟಿದ ಮಗು ತಿಂಗಳಿಗೆ ಹೆಚ್ಚುವುದೇ ಸುಮಾರು 250ರಿಂದ 300 ಗ್ರಾಂ. ಒದ್ದೆ ಡೈಪರ್, ಸ್ವೆಟರ್, ಕಡಗ ಸೇರಿದರೆ ಅಷ್ಟು ತೂಕ ಪುಕ್ಕಟೆ ಬಂದುಬಿಡುತ್ತದೆ! ಉಡಿದಾರ ಬಿಚ್ಚಲು ಮನೆಯವರು ಒಪ್ಪದಿದ್ದರೆ ಜಗಳ ಬೇಡ, ಪ್ರತಿ ತಿಂಗಳೂ ಅದರ ಸಮೇತವೇ ತೂಗಿ. ತಕ್ಕಡಿಯೂ ಒಂದೇ ಇರಲಿ. ಈ ತಿಂಗಳು ಅಂಗನವಾಡಿಯದ್ದು, ಮುಂದಿನ ತಿಂಗಳು ಮೆಡಿಕಲ್ ಸ್ಟೋರಿನದ್ದು ಅಂತ ಮಾಡಬೇಡಿ.

ಆಮೇಲೆ ಉದ್ದ. ಎರಡು ವರ್ಷ ತುಂಬುವ ತನಕ ಮಲಗಿಸಿಯೇ ಅಳೆಯುವುದು. ಇದಕ್ಕೆ ಇಬ್ಬರು ಬೇಕು. ಒಬ್ಬರು ತಲೆಯನ್ನು ಹಲಗೆಗೆ ತಾಗಿಸಿ ಹಿಡಿದರೆ, ಇನ್ನೊಬ್ಬರು ಮಂಡಿಯನ್ನು ಮೆಲ್ಲಗೆ ಒತ್ತಿ ಪಾದ ನೇರ ಮಾಡಬೇಕು. ಎರಡು ವರ್ಷ ಆದ ಮೇಲೆ ಚಪ್ಪಲಿ ಬಿಚ್ಚಿಸಿ, ಗೋಡೆಗೆ ಆನಿಸಿ ನಿಲ್ಲಿಸಿ. ಜುಟ್ಟು ಕಟ್ಟಿದ್ದರೆ ಬಿಚ್ಚಿ. ನಿಂತಾಗ ಅಳತೆ ಸುಮಾರು 0.7 ಸೆಂ.ಮೀ. ಕಡಿಮೆ ಬರುತ್ತದೆ. ಮಗು ಕುಗ್ಗಿತು ಅಂತ ಗಾಬರಿಯಾಗಬೇಡಿ.

ಈಗ ಮಗುವಿನ ಬೆಳವಣಿಗೆಯ ಚಾರ್ಟ್ ಇರುವ ತಾಯಿ ಕಾರ್ಡ್ ತೆಗೆಯಿರಿ. ಗಂಡು ಮಗುವಿಗೆ ಬೇರೆ ಚಾರ್ಟ್, ಹೆಣ್ಣು ಮಗುವಿಗೆ ಬೇರೆ. ಕೆಳಗಡೆ ವಯಸ್ಸು, ಪಕ್ಕದಲ್ಲಿ ತೂಕ. ಎರಡೂ ಕೂಡುವಲ್ಲಿ ಒಂದು ಚುಕ್ಕೆ ಇಟ್ಟು ಹಿಂದಿನ ತಿಂಗಳ ಚುಕ್ಕೆಗೆ ಸೇರಿಸಿ. ಹಸಿರು ಪಟ್ಟಿ ಅಂದರೆ ಸರಿ, ಹಳದಿ ಅಂದರೆ ತೂಕ ಕಡಿಮೆ, ಅದಕ್ಕಿಂತ ಕೆಳಗಿದ್ದರೆ ತುಂಬಾ ಕಡಿಮೆ. ಎಲ್ಲರೂ ಬಣ್ಣ ನೋಡಿ ಕಾರ್ಡ್ ಮುಚ್ಚಿಬಿಡುತ್ತಾರೆ. ನನ್ನನ್ನು ಕೇಳಿದರೆ ಬಣ್ಣಕ್ಕಿಂತ ಮೊದಲು ಗೆರೆ ನೋಡಬೇಕು.

ಒಂದು ಹೆಣ್ಣು ಮಗು ಅಂದುಕೊಳ್ಳಿ. ಏಳನೇ ತಿಂಗಳಲ್ಲಿ 7.6 ಕಿಲೋ. ಅದು ಆ ವಯಸ್ಸಿಗೆ ಸರಿಯಾದ ತೂಕ. ಎಂಟರಲ್ಲಿ 7.7, ಒಂಬತ್ತರಲ್ಲೂ 7.7, ಹತ್ತರಲ್ಲೂ ಅದೇ 7.7. ಹತ್ತು ತಿಂಗಳ ಹೆಣ್ಣು ಮಗುವಿಗೆ ಹಸಿರಿನ ಕೆಳಗಿನ ಅಂಚು 6.7 ಕಿಲೋ. ಹಾಗಾಗಿ ಚುಕ್ಕೆ ಇನ್ನೂ ಹಸಿರಲ್ಲೇ ಇದೆ, ಮನೆಯವರಿಗೆ ನೆಮ್ಮದಿ. ಆದರೆ ಗೆರೆ ಮಲಗಿಬಿಟ್ಟಿದೆ ಅಲ್ವಾ? ಹುಟ್ಟಿದಾಗಿನಿಂದ ಸಣಕಲಾಗಿದ್ದು ತಿಂಗಳು ತಿಂಗಳೂ ಮೇಲೇರುವ ಮಗುವಿಗಿಂತ ಈ ಮಗುವಿನ ಬಗ್ಗೆ ನನಗೆ ಚಿಂತೆ ಜಾಸ್ತಿ. ಬೇಧಿ ಆಗಿತ್ತಾ? ಎದೆಹಾಲಿನ ಜೊತೆ ಊಟ ಶುರುವಾಗಿದೆಯಾ? ತಾಯಿ ಮೆಕ್ಕೆಜೋಳದ ಕೆಲಸಕ್ಕೆ ಹೋಗಲು ಶುರು ಮಾಡಿದ ಮೇಲೆ ಮಗುವಿಗೆ ದಿನಕ್ಕೆ ಎಷ್ಟು ಸಲ, ಏನು ತಿನ್ನಿಸುತ್ತಿದ್ದಾರೆ? ಉತ್ತರ ಸಾಮಾನ್ಯವಾಗಿ ಇವುಗಳಲ್ಲೇ ಸಿಗುತ್ತದೆ.

ನಮ್ಮೂರಲ್ಲಂತೂ ಮಂಡಕ್ಕಿ. ಅತ್ತರೆ ಸಾಕು, ಕೈಗೊಂದು ಹಿಡಿ ಮಂಡಕ್ಕಿ. ಮಗು ಸುಮ್ನಾಗುತ್ತದೆ, ಪುಟ್ಟ ಹೊಟ್ಟೆಯೂ ತುಂಬುತ್ತದೆ, ಮೈಗೆ ಮಾತ್ರ ಏನೂ ಹತ್ತುವುದಿಲ್ಲ. ಅದರ ಬದಲು ಮೆತ್ತಗೆ ಕಿವುಚಿದ ಅನ್ನ ಬೇಳೆಗೆ ಒಂದು ಚಮಚ ತುಪ್ಪ, ನುಣ್ಣಗೆ ಅರೆದ ಶೇಂಗಾ, ತಿನ್ನುವ ಮನೆಯಾದರೆ ಮೊಟ್ಟೆ ಕೊಡಿ.

"ನಮ್ಮ ವಂಶವೇ ಕುಳ್ಳು" ಅನ್ನುವವರಿಗೂ ಒಂದು ಮಾತು. ಈ ಚಾರ್ಟಿಗೆ ಆಧಾರ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಮಾನದಂಡ. ಅದಕ್ಕಾಗಿ ಆರು ದೇಶಗಳ ಮಕ್ಕಳನ್ನು ಅಳೆದರು, ಅದರಲ್ಲಿ ದೆಹಲಿಯ ಮಕ್ಕಳೂ ಇದ್ದರು. ಸರಿಯಾಗಿ ಉಂಡು ಆರೋಗ್ಯವಾಗಿದ್ದರೆ ಐದು ವರ್ಷದವರೆಗೆ ಎಲ್ಲ ಕಡೆಯ ಮಕ್ಕಳೂ ಹೆಚ್ಚುಕಡಿಮೆ ಒಂದೇ ತರಹ ಬೆಳೆಯುತ್ತಾರೆ ಅನ್ನುವುದು ಅಲ್ಲಿ ಕಂಡ ವಿಷಯ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ ಎನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಅಷ್ಟೂ ಮಕ್ಕಳದ್ದು ಕುಳ್ಳು ವಂಶವೇ ಇರಲಿಕ್ಕಿಲ್ಲ.

ತಕ್ಕಡಿ ಇಲ್ಲದಿದ್ದರೂ ತೋಳಿನ ಸುತ್ತಳತೆ ಅಳೆಯುವ ಪಟ್ಟಿಯಿಂದ ತೀವ್ರ ಅಪೌಷ್ಟಿಕತೆ ಪತ್ತೆ ಮಾಡಬಹುದು. ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿ ಟೀಚರ್ ಹತ್ತಿರ ಇರುತ್ತದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಇದು. ಎಡಗೈ ಮಡಚಿಸಿ, ಭುಜದ ತುದಿಗೂ ಮೊಣಕೈಗೂ ನಡುವೆ ಗುರುತು ಹಾಕಿ. ಆಮೇಲೆ ಕೈ ಇಳಿಬಿಟ್ಟು ಅಲ್ಲಿ ಪಟ್ಟಿ ಸುತ್ತಿ. ಚರ್ಮ ಒತ್ತಬಾರದು, ಸಡಿಲವೂ ಇರಬಾರದು. 12.5 ಸೆಂ.ಮೀ. ಅಥವಾ ಜಾಸ್ತಿ ಇದ್ದರೆ ಹಸಿರು, 11.5ರಿಂದ 12.5ರ ನಡುವೆ ಹಳದಿ, 11.5ಕ್ಕಿಂತ ಕಡಿಮೆ ಇದ್ದರೆ ಕೆಂಪು. ಕೆಂಪು ಅಂದರೆ ತೀವ್ರ ಅಪೌಷ್ಟಿಕತೆ.

ಕೊನೆಗೆ ಪಾದ. ಎರಡೂ ಪಾದಗಳ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡ್ ಒತ್ತಿ ಬಿಡಿ. ಎರಡರಲ್ಲೂ ಗುಳಿ ಹಾಗೇ ಉಳಿದರೆ ಅದು ಬಾವು. ಇಂಥ ಮಗುವಿನ ಮುಖ ಊದಿ ಗುಂಡಗೆ ಕಾಣಬಹುದು, ತಕ್ಕಡಿಯೂ ಒಳ್ಳೆ ತೂಕವನ್ನೇ ತೋರಿಸಬಹುದು. ನೋಡಿದವರು "ಚೆನ್ನಾಗಿ ಮೈ ಹತ್ತಿದೆ" ಅನ್ನುತ್ತಾರೆ. ಪಾದ ಒತ್ತಿ ನೋಡದೆ ಆ ಮಾತು ನಂಬಬೇಡಿ.

ಪಟ್ಟಿ ಕೆಂಪಾದರೆ ಅಥವಾ ಪಾದದಲ್ಲಿ ಗುಳಿ ಕಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ, ದಾವಣಗೆರೆ ಹತ್ತಿರವಿದ್ದರೆ ಅಲ್ಲಿನ ಜಿಲ್ಲಾಸ್ಪತ್ರೆಯಾದ ಸಿ.ಜಿ. ಆಸ್ಪತ್ರೆಗೋ ಕರೆದೊಯ್ಯಿರಿ. ಜ್ವರ, ಬೇಧಿ ಇದ್ದು ಮಗು ತಿನ್ನುವುದನ್ನೇ ಬಿಟ್ಟಿದ್ದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿಕೊಳ್ಳುತ್ತಾರೆ. ಆಸ್ಪತ್ರೆಯವರ ಬಾಯಲ್ಲಿ ಅದು ಎನ್‌ಆರ್‌ಸಿ. ಸುಮಾರು ಎರಡು ವಾರ ಇರಬೇಕಾಗಬಹುದು. ಜೊತೆಗಿರುವ ತಾಯಿಗೆ ಕೂಲಿ ನಷ್ಟದ ಭತ್ಯೆಯೂ ಇದೆ, ಕೇಳಿ ಪಡೆಯಿರಿ.

ಹೊರಡುವಾಗ ತಾಯಿ ಕಾರ್ಡ್ ಮರೆಯಬೇಡಿ. ಬೀರುವಿನಲ್ಲಿ ಸೀರೆಯಡಿ ಇದ್ದರೆ ಈಗಲೇ ತೆಗೆದು ಹೊರಗಿಡಿ.