ಟ್ರೈಲರ್ ಬೋಟ್ ನೀರಿಗಿಳಿಸೋದು, ಮತ್ತೆ ಏರಿಸೋದು: ರಾಂಪ್ ಮೇಲೆ ಗಡಿಬಿಡಿ ಯಾಕೆ?

ಮೆಲ್ಬರ್ನ್ ಪಶ್ಚಿಮದಲ್ಲಿ, ಟಾರ್ನೀಟ್, ಪಾಯಿಂಟ್ ಕುಕ್, ವಿಂಡಮ್ ವೇಲ್ ಸುತ್ತಮುತ್ತ ಇರೋ ಕನ್ನಡದವರಿಗೆ ವೆರಿಬೀ ಸೌತ್ ಬೋಟ್ ರಾಂಪ್ (ಟ್ರೈಲರ್‌ನಿಂದ ಬೋಟ್ ನೀರಿಗಿಳಿಸೋ ಕಾಂಕ್ರೀಟ್ ಇಳಿಜಾರು) ದೂರ ಏನಲ್ಲ. 2019ರ ಜುಲೈಯಿಂದ ವಿಕ್ಟೋರಿಯಾದ ಪಬ್ಲಿಕ್ ರಾಂಪ್‌ಗಳಲ್ಲಿ ಫೀಸ್ ಕೂಡ ತೆಗೆದುಬಿಟ್ಟಿದ್ದಾರೆ. ಅಕ್ಟೋಬರ್ ಬಂತು ಅಂದ್ರೆ ಸ್ನ್ಯಾಪರ್ ಮೀನು ಮೊಟ್ಟೆ ಇಡೋಕೆ ಪೋರ್ಟ್ ಫಿಲಿಪ್ ಬೇ ಒಳಗೆ ಬರೋ ಟೈಮು, ಆಗ ಬೆಳಗಿನ ಜಾವದಿಂದಲೇ ರಾಂಪ್ ಮುಂದೆ ಕಾರು ಟ್ರೈಲರ್‌ಗಳ ಸಾಲು. ಮೆರೈನ್ ಲೈಸೆನ್ಸ್ ತಗೊಂಡು, ಸೆಕೆಂಡ್ ಹ್ಯಾಂಡ್ ಬೋಟ್ ಒಂದು ಹುಡುಕಿ ಮನೆಗೆ ತಂದವರು ಕೂಡ ಈ ಸಾಲಲ್ಲಿ ನಿಂತಾಗ ಬೆವರ್ತಾರೆ. ಯಾಕಂದ್ರೆ ಹಿಂದೆ ಹತ್ತು ಜನ ಕಾಯ್ತಿರ್ತಾರೆ, ಜೆಟ್ಟಿ (ಬೋಟ್ ಕಟ್ಟೋ ಕಟ್ಟೆ) ಮೇಲೆ ಗಾಳ ಹಾಕ್ಕೊಂಡು ಕೂತವರೆಲ್ಲ ನಮ್ಮನ್ನೇ ನೋಡ್ತಿದಾರೆ ಅನ್ಸತ್ತೆ, ಮರ್ಯಾದೆ ಹೋಗತ್ತೇನೋ ಅಂತ ಭಯ. ರಾಂಪ್‌ನಲ್ಲಿ ಆಗೋ ಎಡವಟ್ಟುಗಳು ಸುಮಾರೆಲ್ಲ ಈ ಭಯದಿಂದಾನೇ, ಅವಸರದಲ್ಲಿ ಯಾವ್ದೋ ಒಂದು ಕೆಲಸ ಬಿಟ್ಟುಹೋಗಿರತ್ತೆ. ಅದಕ್ಕೆ ನಾನು ಹೇಳೋದು ಇಷ್ಟೇ, ಸಮತಟ್ಟಾದ ಜಾಗದಲ್ಲಿ ಮಾಡಬಹುದಾದ ಯಾವ ಕೆಲಸಾನೂ ಇಳಿಜಾರಿಗೆ ತಗೊಂಡು ಹೋಗ್ಬೇಡಿ.

ಮನೇಲೇ ನೋಡ್ಬೇಕಾದ್ದು

ಟ್ರೈಲರ್ ಕಪ್ಲಿಂಗ್ ಕಾರಿನ ಟೋ ಬಾಲ್ (ಟ್ರೈಲರ್ ಸಿಕ್ಕಿಸೋ ಗುಂಡು) ಮೇಲೆ ಪೂರ್ತಿ ಕೂತಿದೆಯಾ, ಲಾಕ್ ಆಗಿದೆಯಾ, ಸೇಫ್ಟಿ ಚೈನ್ ಹಾಕಿದೀರಾ, ಲೈಟೆಲ್ಲ ಉರೀತಿದೆಯಾ, ಟೈರ್ ಗಾಳಿ ಸರಿ ಇದೆಯಾ (ಸ್ಪೇರ್ ಟೈರ್‌ದೂ ಸೇರಿಸಿ). ಬೋಟಿನ ಹಿಂಭಾಗಕ್ಕೆ ಅಡ್ಡಡ್ಡ ಬಿಗಿಯೋ ಸ್ಟ್ರ್ಯಾಪ್, ಮುಂದೆ ವಿಂಚ್ (ಬೋಟನ್ನ ಟ್ರೈಲರ್ ಮೇಲೆ ಎಳೆಯೋ ಕೈರಾಟೆ) ಸ್ಟ್ರ್ಯಾಪ್, ಅದರ ಜೊತೆ ಇನ್ನೊಂದು ಸೇಫ್ಟಿ ಚೈನ್, ಮೂರೂ ಇರ್ಬೇಕು.

ವೀಲ್ ಬೇರಿಂಗ್ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳ್ಬೇಕು, ಇದು ಎಷ್ಟೋ ಜನರ ತಲೆಗೇ ಹೋಗಲ್ಲ. ಹೈವೇಲಿ ಒಂದು ಗಂಟೆ ಓಡಿ ಬಂದ ಹಬ್ (ಚಕ್ರದ ನಡುಭಾಗ, ಬೇರಿಂಗ್ ಇರೋ ಜಾಗ) ಬಿಸಿಯಾಗಿರತ್ತೆ, ಅದನ್ನ ಹಾಗೇ ತಣ್ಣನೆ ಉಪ್ಪುನೀರಲ್ಲಿ ಮುಳುಗಿಸಿದ್ರೆ ಒಳಗಿನ ಗಾಳಿ ಕುಗ್ಗಿ, ಸೀಲ್ ಸ್ವಲ್ಪ ಸವೆದಿದ್ರೂ ಸಾಕು, ನೀರನ್ನ ಒಳಗೆ ಎಳ್ಕೊಳತ್ತೆ. ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿ, ತುಕ್ಕು ಹಿಡಿದು, ಯಾವತ್ತೋ ಒಂದಿನ ಫ್ರೀವೇ ಮಧ್ಯದಲ್ಲಿ ಚಕ್ರ ಕೈಕೊಡತ್ತೆ. ರಾಂಪ್ ಹತ್ರ ಬಂದಮೇಲೆ ಹಬ್ ಹತ್ತಿರ ಕೈ ಹಿಡಿದು ನೋಡಿ, ಬಿಸಿ ಜೋರಾಗಿದ್ರೆ ಆರೋಕೆ ಟೈಮ್ ಕೊಡಿ. ಆ ಟೈಮಲ್ಲಿ ಮಾಡೋಕೆ ಕೆಲಸ ಬೇಕಾದಷ್ಟಿದೆ.

ರಾಂಪ್‌ಗೆ ಮೊದಲು ನಡ್ಕೊಂಡು ಹೋಗಿ

ಕಾರು ಪಕ್ಕಕ್ಕೆ ನಿಲ್ಸಿ, ಇಳಿದು, ರಾಂಪನ್ನ ಕಣ್ಣಾರೆ ನೋಡ್ಕೊಂಡು ಬನ್ನಿ. ಪೋರ್ಟ್ ಫಿಲಿಪ್ ಬೇನಲ್ಲಿ ಉಬ್ಬರ ಇಳಿತದ ವ್ಯತ್ಯಾಸ 1 ಮೀಟರ್ ಒಳಗೇ ಇರತ್ತೆ, ಆದ್ರೆ ಪಕ್ಕದ ವೆಸ್ಟರ್ನ್‌ಪೋರ್ಟ್‌ನಲ್ಲಿ, ಹೇಸ್ಟಿಂಗ್ಸ್ ಕಡೆ ಹೋದ್ರೆ, ಸುಮಾರು 3 ಮೀಟರ್‌ವರೆಗೂ ಹೋಗತ್ತೆ. ಬೆಳಿಗ್ಗೆ ಇಳಿಸಿದಾಗ ನೋಡಿದ ರಾಂಪೇ ಬೇರೆ, ಮಧ್ಯಾಹ್ನ ವಾಪಸ್ ಬಂದಾಗ ಕಾಣೋ ರಾಂಪೇ ಬೇರೆ. ನೀರು ಇಳಿದಾಗ ಕೆಳಗಿನ ಭಾಗದಲ್ಲಿ ಹಸಿರು ಪಾಚಿ ಹೊರಗೆ ಕಾಣತ್ತೆ, ಅದ್ರ ಮೇಲೆ ಕಾಲೂ ಜಾರತ್ತೆ ಟೈರೂ ಜಾರತ್ತೆ, ಮುಂದಿನ ಚಕ್ರದಿಂದ ಓಡೋ ಕಾರಾದ್ರೆ ಇನ್ನೂ ಕಷ್ಟ, ಯಾಕಂದ್ರೆ ಏರೋವಾಗ ಭಾರವೆಲ್ಲ ಹಿಂದಕ್ಕೆ ಬಿದ್ದು ಮುಂದಿನ ಟೈರ್‌ಗೆ ಹಿಡಿತವೇ ಸಿಗಲ್ಲ. ಫೋರ್ ವೀಲ್ ಡ್ರೈವ್ ಇದ್ರೆ ಕೆಳಗೆ ಹೋಗೋ ಮೊದಲೇ ಹಾಕ್ಕೊಳಿ. ಕಾಂಕ್ರೀಟ್ ಎಲ್ಲಿ ಮುಗಿಯತ್ತೆ ಅಂತಾನೂ ತಿಳ್ಕೊಂಡಿರಿ, ಅದರ ತುದಿ ದಾಟಿ ಟ್ರೈಲರ್ ಚಕ್ರ ಗುಂಡಿಗೆ ಬಿತ್ತು ಅಂದ್ರೆ ಎತ್ತೋದು ದೊಡ್ಡ ಗೋಳು. ಗಾಳಿ ಯಾವ ಕಡೆಯಿಂದ ಬೀಸ್ತಿದೆ ಅಂತಾನೂ ಈಗ್ಲೇ ನೋಡ್ಕೊಳಿ, ಬೋಟ್ ಟ್ರೈಲರ್ ಬಿಟ್ಟ ತಕ್ಷಣ ಗಾಳಿ ತಳ್ಳೋ ಕಡೆಗೇ ಹೋಗತ್ತೆ.

ರೆಡಿ ಮಾಡ್ಕೊಳೋ ಜಾಗ

ದೊಡ್ಡ ರಾಂಪ್‌ಗಳ ಹತ್ರ ಸಾಮಾನ್ಯವಾಗಿ ಬೋಟ್ ರೆಡಿ ಮಾಡೋಕೆ ಅಂತ ಒಂದು ಜಾಗ ಬಿಟ್ಟಿರ್ತಾರೆ. ಎಸ್ಕಿ (ಐಸ್ ಡಬ್ಬ), ಗಾಳ, ಚಿತ್ರಾನ್ನದ ಡಬ್ಬಿ, ಮಕ್ಕಳ ಜಾಕೆಟ್ಟು, ಎಲ್ಲ ಇಲ್ಲೇ ಬೋಟಿಗೆ ತುಂಬ್ಕೊಳಿ. ರಾಂಪ್ ಮೇಲೆ ಕಾರ್ ನಿಲ್ಸಿ ಡಿಕ್ಕಿ ತೆಗೆದು ಒಂದೊಂದೇ ಸಾಮಾನು ಸಾಗಿಸೋರನ್ನ ನೋಡಿದ್ರೆ ಹಿಂದಿರೋರಿಗೆ ಮೈ ಉರಿಯತ್ತೆ, ನ್ಯಾಯಾನೇ ಅದು.

ಆಮೇಲೆ ಬಂಗ್. ಬೋಟಿನ ಹಿಂಭಾಗದ ಕೆಳಗೆ ನೀರು ಬಸಿಯೋಕೆ ಇರೋ ತೂತಿಗೆ ಹಾಕೋ ಬಿರಡೆ. ಇದನ್ನ ಮರೆತು ಬೋಟ್ ಇಳಿಸಿ, ಅರ್ಧ ನೀರು ತುಂಬಿದ ಮೇಲೆ ಎಚ್ಚೆತ್ತುಕೊಳ್ಳೋದು ಎಲ್ಲ ದೇಶದ ರಾಂಪ್‌ಗಳಲ್ಲೂ ನಡೆಯೋ ಕಥೆ. ಬಂಗನ್ನ ಕಾರಿನ ಕೀ ಜೊತೆ ಇಟ್ಕೊಳೋರು ಇದಾರೆ, ಒಳ್ಳೇ ಅಭ್ಯಾಸ. ಹಾಕಿದ್ದಾಯ್ತು ಅಂತ ಬಾಯಲ್ಲಿ ಹೇಳಿದ್ರೆ ಸಾಲದು, ಕೈಯಲ್ಲಿ ಮುಟ್ಟಿ ತಿರುಗಿಸಿ ನೋಡಿ.

ಹಿಂಭಾಗದ ಸ್ಟ್ರ್ಯಾಪ್ ಬಿಚ್ಚಿ. ಮೋಟರ್‌ಗೆ ಕೊಟ್ಟಿರೋ ಸಪೋರ್ಟ್ ತೆಗೀರಿ, ಆದ್ರೆ ಮೋಟರ್ ಮೇಲೆತ್ತಿದ ಹಾಗೇ ಇರ್ಲಿ, ಇಲ್ಲಾಂದ್ರೆ ಪ್ರೊಪೆಲ್ಲರ್ ನೆಲ ಕೆರೀತದೆ. ಬ್ಯಾಟರಿ ಸ್ವಿಚ್ ಆನ್, ಪೆಟ್ರೋಲ್ ಲೈನ್ ಪ್ರೈಮ್ (ಪೈಪಲ್ಲಿ ಪೆಟ್ರೋಲ್ ತುಂಬಿಸೋದು), ರೇಡಿಯೋ ಚೆಕ್. ಮುಂದಕ್ಕೊಂದು ಹಿಂದಕ್ಕೊಂದು ಹಗ್ಗ ಕಟ್ಟಿ, ಜೆಟ್ಟಿ ಇರೋ ಕಡೆಗೆ ಫೆಂಡರ್ (ಬೋಟ್ ಉಜ್ಜದ ಹಾಗೆ ತಡೆಯೋ ಮೆತ್ತೆ) ನೇತುಹಾಕಿ. ಟ್ರೈಲರ್ ಲೈಟಿನ ಪ್ಲಗ್ ಕಿತ್ತಿಡಿ, ಹಳೇ ಬಲ್ಬ್ ಆದ್ರೆ ಬಿಸಿ ಇರೋವಾಗ ತಣ್ಣೀರು ತಗುಲಿದ್ರೆ ಒಡೆಯತ್ತೆ.

ಇಷ್ಟೆಲ್ಲ ಬಿಚ್ಚಿದ್ರೂ ಮುಂದಿನ ವಿಂಚ್ ಸ್ಟ್ರ್ಯಾಪು ಮತ್ತೆ ಸೇಫ್ಟಿ ಚೈನು ಮಾತ್ರ ಮುಟ್ಟಬೇಡಿ. ಬಿಚ್ಚಿದ್ರೆ, ರೋಲರ್ (ಬೋಟ್ ಜಾರೋಕೆ ಇರೋ ಉರುಳೆ) ಇರೋ ಟ್ರೈಲರ್ ಆದ್ರೆ ಇಳಿಜಾರಲ್ಲಿ ಬೋಟ್ ತಾನಾಗೇ ಜಾರಿ ಕಾಂಕ್ರೀಟ್ ಮೇಲೆ ಬಂದು ಕೂರತ್ತೆ, ಆಮೇಲೆ ಕ್ರೇನ್ ಕರೆಸೋ ಮಟ್ಟಕ್ಕೆ ಹೋಗತ್ತೆ.

ಲೈಫ್ ಜಾಕೆಟ್ ಎಲ್ಲರೂ ಇಲ್ಲೇ ಹಾಕ್ಕೊಳಿ. ಚಿಕ್ಕ ಮೋಟರ್ ಬೋಟಿನಲ್ಲಿ ಹೋಗ್ತಿರೋವಾಗ ಎಲ್ಲರೂ ಹಾಕಿರ್ಲೇಬೇಕು ಅನ್ನೋದು ವಿಕ್ಟೋರಿಯಾದ ಕಾನೂನು. ಈಜು ಬರತ್ತೆ ಅನ್ನೋ ವಾದ ಇಲ್ಲಿ ನಡೆಯಲ್ಲ, ತಣ್ಣೀರಿಗೆ ಬಿದ್ದ ಮೊದಲ ನಿಮಿಷದಲ್ಲಿ ಉಸಿರೇ ಹಿಡಿತಕ್ಕೆ ಸಿಗಲ್ಲ.

ರಿವರ್ಸ್

ಊರಲ್ಲಿ ಕಬ್ಬಿನ ಟ್ರ್ಯಾಕ್ಟರ್ ಟ್ರೈಲರ್ ರಿವರ್ಸ್ ಹೊಡೆದು ಗೊತ್ತಿರೋರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಮಿಕ್ಕವರು ಸ್ಟಿಯರಿಂಗ್‌ನ ಕೆಳಭಾಗದಲ್ಲಿ, ಗಡಿಯಾರದ 6 ಇರೋ ಜಾಗದಲ್ಲಿ ಒಂದು ಕೈ ಇಡಿ. ಟ್ರೈಲರ್ ಬಲಕ್ಕೆ ಹೋಗ್ಬೇಕಾ, ಕೈ ಬಲಕ್ಕೆ. ಎಡಕ್ಕಾ, ಕೈ ಎಡಕ್ಕೆ. ಅಷ್ಟೇ ಲೆಕ್ಕ, ಉಲ್ಟಾ ಪಲ್ಟಾ ಯೋಚನೆ ಮಾಡೋದೇ ಬೇಡ. ಸ್ವಲ್ಪ ಸ್ವಲ್ಪ ತಿರುಗಿಸಿ, ಟ್ರೈಲರ್ ತಿರುಗೋಕೆ ಶುರುವಾದ ತಕ್ಷಣ ಕೈ ವಾಪಸ್ ತನ್ನಿ. ಚಿಕ್ಕ ಟ್ರೈಲರ್ ಬೇಗ ತಿರುಗತ್ತೆ, ಉದ್ದದ್ದು ನಿಧಾನ, ಹಾಗಾಗಿ ಸಣ್ಣ ಬೋಟೇ ಹೊಸಬರಿಗೆ ಜಾಸ್ತಿ ಕಾಟ ಕೊಡೋದು. ಟ್ರೈಲರ್ ಮಡಚ್ಕೊಳ್ತಾ ಇದೆ ಅನ್ಸಿದ್ರೆ ರಿವರ್ಸ್‌ನಲ್ಲೇ ಸರಿಮಾಡೋ ಹಠ ಬೇಡ, ಮುಂದಕ್ಕೆ ಎಳೆದು ನೇರ ಮಾಡ್ಕೊಂಡು ಮತ್ತೆ ಬನ್ನಿ. ಪಳಗಿದವರೂ ಹಾಗೇ ಮಾಡ್ತಾರೆ. ಇದನ್ನೆಲ್ಲ ಮೊದಲು ಖಾಲಿ ಪಾರ್ಕಿಂಗ್ ಲಾಟಲ್ಲಿ ಕಲೀರಿ, ಕಪ್ ಡೇ (ಮೆಲ್ಬರ್ನ್ ಕಪ್ ಕುದುರೆ ರೇಸಿನ ದಿನ) ರಜೆಯ ಬೆಳಿಗ್ಗೆ ಪ್ಯಾಟರ್ಸನ್ ರಿವರ್ ರಾಂಪಲ್ಲಿ ಅಲ್ಲ.

ಕೆಳಗೆ ಇಳಿಯೋವಾಗ ಕಾರಲ್ಲಿ ಡ್ರೈವರ್ ಒಬ್ಬರೇ ಇರ್ಬೇಕು. ಕಿಟಕಿ ಗಾಜು ಇಳಿಸಿ, ಹಾಡು ಆಫ್ ಮಾಡಿ, ಇಳಿಜಾರಿಗೆ ಬಂದಮೇಲೆ ಸೀಟ್ ಬೆಲ್ಟ್ ಬಿಚ್ಚಿಡಿ, ಅಕಸ್ಮಾತ್ ಕಾರು ನೀರಿಗೆ ಜಾರಿದ್ರೆ ಹೊರಗೆ ಬರೋಕೆ ದಾರಿ ಇರ್ಲಿ. ಕೈಸನ್ನೆ ಮಾಡೋರು ಒಬ್ಬರೇ ಇರ್ಲಿ, ಭಾವ ಒಂದು ಕಡೆ, ಫ್ರೆಂಡ್ ಇನ್ನೊಂದು ಕಡೆ ನಿಂತು ಕೂಗಿದ್ರೆ ಯಾರ ಮಾತೂ ಕಿವಿಗೆ ಬೀಳಲ್ಲ. ಆ ಒಬ್ಬರೂ ಡ್ರೈವರ್ ಕನ್ನಡೀಲಿ ಕಾಣೋ ಹಾಗೆ ಪಕ್ಕಕ್ಕೆ ನಿಲ್ಬೇಕು, ಟ್ರೈಲರ್ ಹಿಂದೆ ಯಾರೂ ಬೇಡ. ಮಕ್ಕಳ ಜವಾಬ್ದಾರಿ ಒಬ್ಬ ದೊಡ್ಡವರಿಗೆ ಹೆಸರು ಹಿಡಿದು ಒಪ್ಪಿಸಿ.

ನೀರಿಗೆ ಬಿಡೋದು

ಎಷ್ಟು ಆಳಕ್ಕೆ ಹೋಗ್ಬೇಕು ಅನ್ನೋದು ಟ್ರೈಲರ್ ಮೇಲೆ ಹೋಗತ್ತೆ. ರೋಲರ್ ಇದ್ರೆ ಕಡಿಮೆ ಸಾಕು, ಕಾರ್ಪೆಟ್ ಸುತ್ತಿದ ಹಲಗೆಯದ್ದಾದ್ರೆ ಜಾಸ್ತಿ ಬೇಕು. ಬೋಟಿನ ಹಿಂಭಾಗ ಮೆಲ್ಲಗೆ ತೇಲೋಕೆ ಶುರುವಾದ್ರೆ ನಿಲ್ಸಿ. ಕಾರಿನ ಹಿಂದಿನ ಟೈರ್ ನೀರಿಂದ ಹೊರಗಿದ್ರೇ ಒಳ್ಳೇದು.

ಈಗ ಕಾರಿಂದ ಇಳಿಯೋ ಮುಂಚೆ, ದಯವಿಟ್ಟು ಇದನ್ನ ಈ ಕ್ರಮದಲ್ಲೇ ಮಾಡಿ. ಫುಟ್ ಬ್ರೇಕ್ ಒತ್ತಿಟ್ಟು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೀರಿ, ಫುಟ್ ಬ್ರೇಕ್ ಮೆಲ್ಲಗೆ ಬಿಟ್ಟು ಭಾರವೆಲ್ಲ ಹ್ಯಾಂಡ್ ಬ್ರೇಕ್ ಮೇಲೆ ಕೂತಿದ್ದು ಖಾತ್ರಿ ಆದಮೇಲೆ ಪಾರ್ಕ್‌ಗೆ ಹಾಕಿ. ಆಟೋಮ್ಯಾಟಿಕ್ ಗೇರ್‌ನ ಪಾರ್ಕ್ ಅಂದ್ರೆ ಗೇರ್‌ಬಾಕ್ಸ್ ಒಳಗೆ ಒಂದು ಚಿಕ್ಕ ಕೊಂಡಿ ಹಲ್ಲಿಗೆ ಸಿಕ್ಕೊಂಡಿರೋದು ಅಷ್ಟೇ, ಕಾರು ಪ್ಲಸ್ ಬೋಟಿನ ಭಾರವನ್ನ ಅದೊಂದೇ ಹೊರಬಾರದು. ಮುಂದಿನ ಚಕ್ರಕ್ಕೆ ಕೆಳಗಿನ ಕಡೆಯಿಂದ ಉರುಳದ ಹಾಗೆ ಒಂದು ಅಡ್ಡದ ತುಂಡು ಕೊಟ್ರೆ ಇನ್ನೂ ನೆಮ್ಮದಿ, ಅದಕ್ಕೆ ಹಗ್ಗ ಕಟ್ಟಿದ್ರೆ ಮರೆತು ಹೋಗಲ್ಲ.

ಬೋಟ್ ಜೊತೆ ಇರೋರು ಮುಂದಿನ ಹಗ್ಗ ಹಿಡ್ಕೊಳಿ, ಕೈಗೆ ಸುತ್ಕೋಬೇಡಿ. ಈಗ ಸೇಫ್ಟಿ ಚೈನ್, ಆಮೇಲೆ ವಿಂಚ್ ಸ್ಟ್ರ್ಯಾಪ್ ಬಿಚ್ಚಿ. ವಿಂಚ್ ಹಿಡಿ ಬಿಟ್ಟು ಗಿರಗಿರ ತಿರುಗೋಕೆ ಬಿಟ್ರೆ ಮಣಿಕಟ್ಟು ಮುರಿಯತ್ತೆ, ಅದರ ದಾರಿಗೆ ಕೈ ಹಾಕ್ಬೇಡಿ. ಬೋಟ್ ತೇಲಿತು ಅಂದ್ರೆ ಹಗ್ಗದಲ್ಲೇ ಜೆಟ್ಟಿ ಪಕ್ಕಕ್ಕೆ ಎಳ್ಕೊಂಡು, ಆದಷ್ಟು ದೂರದ ತುದೀಲಿ ಕಟ್ಟಿ, ಒಳಗೆ ನೀರು ಬರ್ತಿದೆಯಾ ಅಂತ ಇಣುಕಿ. ಕಾರು ಮೇಲೆ ಹೋಗ್ಲಿ. ಮೋಟರ್ ಇಳಿಸಿ ಸ್ಟಾರ್ಟ್ ಮಾಡಿದ ಮೇಲೆ ಹಿಂದೆ ಸಣ್ಣ ನೀರಿನ ಧಾರೆ ಬರ್ತಿರ್ಬೇಕು, ಅದು ಬರ್ಲಿಲ್ಲ ಅಂದ್ರೆ ಕೂಲಿಂಗ್ ಆಗ್ತಿಲ್ಲ, ತಕ್ಷಣ ಆಫ್ ಮಾಡಿ. ಕಿಲ್ ಸ್ವಿಚ್ಚಿನ (ನೀವು ಬಿದ್ರೆ ಎಂಜಿನ್ ನಿಲ್ಸೋ ಸ್ವಿಚ್) ದಾರ ಮೈಗೆ ಸಿಕ್ಕಿಸ್ಕೊಂಡು, ಜೆಟ್ಟಿ, ಬೇರೆ ಬೋಟು, ಈಜೋರಿಂದ 50 ಮೀಟರ್ ಒಳಗೆ 5 ನಾಟ್ ಮೀರದೆ ಹೊರಡಿ, ಅಂದ್ರೆ ಗಂಟೆಗೆ ಸುಮಾರು 9 ಕಿಲೋಮೀಟರ್.

ವಾಪಸ್ ಬಂದಾಗ

ಸುಸ್ತಾಗಿರತ್ತೆ, ಹಸಿವಾಗಿರತ್ತೆ, ಮಧ್ಯಾಹ್ನದ ಗಾಳಿ ಎದ್ದಿರತ್ತೆ, ಹಾಗಾಗಿ ನನ್ನ ಪ್ರಕಾರ ಇಳಿಸೋದಕ್ಕಿಂತ ಏರಿಸೋದೇ ಕಷ್ಟದ್ದು. ಬೋಟನ್ನ ಜೆಟ್ಟಿಗೆ ಕಟ್ಟಿ ಒಬ್ಬರು ಕಾರು ತರೋಕೆ ಹೋಗಿ. ಸರದಿ ಕಾರುಗಳ ಸಾಲಲ್ಲಿ ಇರತ್ತೆ, ನೀರಲ್ಲಿ ಮೊದಲು ಬಂದೆ ಅಂತ ಜಗಳ ಬೇಡ.

ಟ್ರೈಲರನ್ನ ತುಂಬಾ ಆಳಕ್ಕೆ ಇಳಿಸೋದೇ ಹೊಸಬರು ಸಾಮಾನ್ಯವಾಗಿ ಮಾಡೋ ತಪ್ಪು. ಆಳ ಜಾಸ್ತಿ ಆದ್ರೆ ಬೋಟ್ ಟ್ರೈಲರ್ ಮೇಲೆ ಕೂರದೆ ಅಡ್ಡಾದಿಡ್ಡಿ ತೇಲ್ತಾ ಇರತ್ತೆ, ಮೇಲಕ್ಕೆ ಎಳೆದಾಗ ಓರೆಯಾಗಿ ಕೂರತ್ತೆ. ಕಡಿಮೆ ಆದ್ರೆ ವಿಂಚ್ ತಿರುಗಿಸಿ ತಿರುಗಿಸಿ ರಟ್ಟೆ ಬಿದ್ದೋಗತ್ತೆ. ಒಮ್ಮೆ ಪೂರ್ತಿ ಇಳಿಸಿ ಹಲಗೆ ಒದ್ದೆ ಮಾಡ್ಕೊಂಡು, ಸ್ವಲ್ಪ ಮುಂದಕ್ಕೆ ಎಳೆದು ನಿಲ್ಸಿದ್ರೆ ಸುಲಭ. ಕಾರಿನ ಬ್ರೇಕ್ ಕ್ರಮ ಬೆಳಿಗ್ಗೆ ಮಾಡಿದ್ದೇ.

ಬೋಟನ್ನ ಗಾಳಿ ಬರೋ ಕಡೆಗೆ ಒಂಚೂರು ಸರಿದು, ನಿಧಾನವಾಗಿ ತನ್ನಿ, ಇಲ್ಲ ಹಗ್ಗದಲ್ಲೇ ನಡೆಸ್ಕೊಂಡು ಬನ್ನಿ. ಸರಿ ಬರ್ಲಿಲ್ಲ ಅಂದ್ರೆ ಹಿಂದೆ ಹೋಗಿ ಮತ್ತೊಮ್ಮೆ. ಕೆಲವರು ಮೋಟರ್ ಜೋರು ಕೊಟ್ಟು ಟ್ರೈಲರ್ ಮೇಲೆ ಏರಿಸ್ತಾರೆ, ನೋಡೋಕೆ ಚೆನ್ನಾಗಿದೆ, ಆದ್ರೆ ಆ ಪ್ರೊಪೆಲ್ಲರ್ ನೀರಿನ ರಭಸ ರಾಂಪ್ ತುದಿಯ ಮಣ್ಣು ಕೊರೆದು ಗುಂಡಿ ಮಾಡತ್ತೆ, ನಾಳೆ ಇನ್ಯಾರದೋ ಟ್ರೈಲರ್ ಅದ್ರೊಳಗೆ. ವಿಂಚ್ ಕೊಕ್ಕೆ ಹಾಕಿ, ಬೋಟಿನ ಮುಂಭಾಗ ಟ್ರೈಲರ್‌ನ ರಬ್ಬರ್ ತಡೆಗೆ ತಾಗೋವರೆಗೆ ಎಳೀರಿ. ಸ್ಟ್ರ್ಯಾಪ್ ಬಿಗಿಯಾದಾಗ ಅದರ ನೇರಕ್ಕೆ ನಿಲ್ಬೇಡಿ, ಹರಿದ್ರೆ ಮುಖಕ್ಕೇ ಬರತ್ತೆ. ಸೇಫ್ಟಿ ಚೈನ್ ಹಾಕಿ, ಮೋಟರ್ ಮೇಲೆತ್ತಿ, ಬೋಟಲ್ಲಿರೋರೆಲ್ಲ ಇಳಿದಮೇಲೆ ಮೆಲ್ಲಗೆ ಹತ್ತಿಸಿ.

ಮೇಲೆ ಸಮತಟ್ಟು ಜಾಗಕ್ಕೆ ಬಂದು ಬಂಗ್ ತೆಗೆದು ನೀರು ಬಸೀರಿ, ಹಿಂದಿನ ಸ್ಟ್ರ್ಯಾಪ್ ಬಿಗೀರಿ, ಮೋಟರ್ ಸಪೋರ್ಟ್, ಲೈಟ್ ಪ್ಲಗ್ ಹಾಕಿ, ಆಂಟೆನಾ ಮಡಚಿ. ಬೋಟು ಟ್ರೈಲರ್‌ಗೆ ಅಂಟಿದ ಪಾಚಿ, ಕಳೆ ಎಲ್ಲ ಕಿತ್ತು ಅಲ್ಲೇ ಕಸದ ಡಬ್ಬಕ್ಕೆ ಹಾಕಿ. ಜಪಾನ್ ಕಡೆಯ ಸಮುದ್ರದಿಂದ ಬಂದ ಒಂದು ಜಾತಿ ನಕ್ಷತ್ರಮೀನು ಪೋರ್ಟ್ ಫಿಲಿಪ್ ತುಂಬಾ ಹಬ್ಬಿಕೊಂಡಿದೆ, ಅದನ್ನ ನಾವೇ ಬೇರೆ ನೀರಿಗೆ ದಾಟಿಸೋದು ಬೇಡ.

ಮನೆಗೆ ಬಂದ್ಮೇಲೆ ಬೋಟು, ಟ್ರೈಲರ್, ಬ್ರೇಕ್, ಸ್ಪ್ರಿಂಗ್ ಎಲ್ಲಾನೂ ಸಿಹಿನೀರಲ್ಲಿ ತೊಳೀರಿ. ಮೋಟರ್‌ಗೆ ಕಿವಿಮುಚ್ಚುಗೆ ಥರದ, ಒಳಗೆ ನಲ್ಲಿನೀರು ಹರಿಸೋ ಫ್ಲಶ್ ಮಫ್ ಹಾಕಿ, ಮೊದಲು ನಲ್ಲಿ ಬಿಟ್ಟು ಆಮೇಲೆ ಸ್ಟಾರ್ಟ್ ಮಾಡಿ, ಪ್ರೊಪೆಲ್ಲರ್ ಹತ್ರ ಯಾರೂ ಇರಬಾರದು. ನಿಲ್ಸೋವಾಗ ಮೊದಲು ಎಂಜಿನ್, ನಂತರ ನಲ್ಲಿ. ಆಮೇಲೆ ಮೋಟರನ್ನ ನೇರವಾಗಿ ಕೆಳಗಿಳಿಸಿ ಬಿಡಿ, ಒಳಗೆ ಉಳಿದ ನೀರು ತಾನಾಗೇ ಇಳ್ದು ಹೋಗತ್ತೆ.