ಜನವರಿ ಚಳಿಯಲ್ಲೂ ನೀಲಿ ಗುಡಾಣ ಎದ್ದಿತು – ನನ್ನ ಅನುಭವ

ಬಟ್ಟೆಗೆ ಹಾಕೋಕೆ ಸೊಪ್ಪಿನಿಂದ ಗುಡಾಣದಲ್ಲಿ ಹುದುಗಿಸುವ ನೀಲಿ ಬಣ್ಣ ಚಳಿಗಾಲದಲ್ಲಿ ಬರೋದಿಲ್ಲ ಅಂತ ಹೇಳದವರೇ ಇಲ್ಲ. ಗಂಡ ಹೇಳಿದ, ಭಾವ ಹೇಳಿದರು, ನಾಜುವಿನಲ್ಲಿ ಇಪ್ಪತ್ತು ವರ್ಷದಿಂದ ಬಣ್ಣ ಹಾಕುವ, ಅತ್ತೆ ಮನೆಯ ಪಕ್ಕದ ಬೀದಿಯ ಹೆಂಗಸೂ ನಕ್ಕರು. ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ನಾವಿರುವುದು ದಕ್ಷಿಣ ಕೊರಿಯಾದ ಸುವೋನ್‌ನಲ್ಲಿ. ಅತ್ತೆ ನಾಜುವಿನಲ್ಲಿ, ಯೊಂಗ್ಸಾನ್ ನದಿ ಹತ್ತಿರ. ನದಿ ಉಕ್ಕಿ ಭತ್ತ ಕೊಳೆತರೂ ಚ್ಚೋಕ್ ಅನ್ನೋ ನೀಲಿ ಬಣ್ಣದ ಸೊಪ್ಪಿನ ಗಿಡ ಬದುಕುವ ಜಾಗ ಅದು. ಕೊರಿಯಾ ಯುದ್ಧದ ನಂತರ ಈ ಕಸುಬು ಹೆಚ್ಚುಕಮ್ಮಿ ನಿಂತೇ ಹೋಗಿತ್ತು, 1970ರ ದಶಕದಲ್ಲಿ ಜಪಾನಿನಿಂದ ಬೀಜ ತಂದು ಮತ್ತೆ ಶುರು ಮಾಡಿದರು. ಅತ್ತೆ ತಮ್ಮ ಅಮ್ಮ ಮಾಡುವುದನ್ನು ನೋಡಿದ್ದವರು, ತಾವು ಮಾಡಿದವರಲ್ಲ. ಒಂಬತ್ತು ವರ್ಷದ ಮಗಳಿಗೆ ಅಜ್ಜಿಯ ಚೊಲ್ಲಾ ಸೀಮೆಯ ಮಾತು ಅರ್ಧ ಅರ್ಥವಾಗುತ್ತಿರಲಿಲ್ಲ. ರಜೆಗೆ ಹೋದರೆ ಒಬ್ಬರು ಟಿವಿ, ಒಬ್ಬರು ಫೋನು, ಅಷ್ಟೇ.

ಆಗಸ್ಟ್‌ನಲ್ಲಿ ಹೂ ಬಿಡುವ ಮೊದಲೇ ಎಪ್ಪತ್ತು ಕೆಜಿ ಸೊಪ್ಪು ಕೊಯ್ದೆವು. ಮೊದಲ ಸಲ ನಾಲ್ಕು ದಿನ ನೆನೆಸಿಟ್ಟೆ, ಸೆಕೆಗೆ ಕೊಳೆತು ಬೂದು ಬಣ್ಣದ ಗಬ್ಬು ನೀರಾಯಿತು. ಎರಡನೇ ಸಲ ಎರಡೇ ದಿನ. ಬಣ್ಣ ತಳಕ್ಕೆ ಕೆಸರಾಗಿ ಇಳಿಯಲು ಹಾಕುವ ಚಿಪ್ಪಿನ ಸುಣ್ಣ ಮಾತ್ರ ಜಾಸ್ತಿಯಾಗಿ ಕೆಸರು ಬೆಳ್ಳಗಾಯಿತು. ನಾನು ಕುಮಟಾದವಳು, ಚಿಪ್ಪಿನ ಸುಣ್ಣ ನನಗೆ ಗೊತ್ತು ಅಂತ ಬೀಗಿದ್ದೆ! ಮೂರನೇ ಸಲ ನಾಲ್ಕೈದು ಕೆಜಿ ಒಳ್ಳೆ ಕೆಸರು ಸಿಕ್ಕಿತು. ಅಷ್ಟರಲ್ಲಿ ನಾಲ್ಕು ಲಕ್ಷ ವಾನ್, ಅಂದರೆ ಸುಮಾರು ಇಪ್ಪತ್ತೈದು ಸಾವಿರ ರೂಪಾಯಿ, ನೀರಿಗೆ ಹೋಗಿತ್ತು.

ಈ ಕೆಸರನ್ನು ಹುದುಗಿಸಲು ಬೂದಿನೀರು ಬೇಕು, ಆ ಬೂದಿಯದ್ದು ಇನ್ನೊಂದು ಕಥೆ. ಮಾಂಸ ಸುಡುವ ಹೋಟೆಲಿನಿಂದ ಪುಕ್ಕಟೆ ಬೂದಿ ತಂದೆ, ಅದರಲ್ಲಿ ಬರೀ ಕೊಬ್ಬು. ಬೂದಿನೀರಿನ ಮೇಲೆ ಎಣ್ಣೆ ತೇಲಿತು. ಕೊನೆಗೆ ಅತ್ತೆ ತಾವೇ ಹುರುಳಿ ಕಾಳಿನಷ್ಟೂ ವ್ಯರ್ಥ ಮಾಡದೆ ಕೂಡಿಟ್ಟಿದ್ದ ಸೋಯಾ ಕಡ್ಡಿ, ಮೆಣಸಿನ ಗಿಡ ಸುಟ್ಟರು. ತಳದಲ್ಲಿ ತೂತಿರುವ ಸಿರು ಪಾತ್ರೆಗೆ ಬಟ್ಟೆ ಹಾಸಿ ಬೂದಿ ತುಂಬಿ ಬಿಸಿನೀರು ಬಿಟ್ಟರು. ಎರಡು ಬೆರಳ ನಡುವೆ ತಿಕ್ಕಿ ನೋಡಿ, ಜಾರಿದರೆ ಸಾಕು ಅಂದರು. ಕ್ಷಾರ ಅಳೆಯುವ ನನ್ನ ಪಿಎಚ್ ಪಟ್ಟಿ ಹನ್ನೊಂದು ತೋರಿಸಿತು.

ಜನವರಿಯಲ್ಲಿ ಮಗಳಿಗೆ ರಜೆ. ಅತ್ತೆಯ ಒಂದು ಕೋಣೆಗೆ ಇನ್ನೂ ಕಟ್ಟಿಗೆಯ ಒಂಡೋಲ್, ಅಂದರೆ ಒಲೆಯ ಬಿಸಿಯಿಂದ ನೆಲ ಕಾಯಿಸುವ ವ್ಯವಸ್ಥೆ, ಇದೆ. ಒಲೆಗೆ ಹತ್ತಿರದ ಬಿಸಿ ನೆಲವನ್ನು ಅರೆನ್ಮೋಕ್ ಅನ್ನುತ್ತಾರೆ, ಸೋಯಾ ಹುದುಗಿಸುವುದೂ ಅಲ್ಲೇ. ಕೆಸರು, ಬೂದಿನೀರು ಕಲಸಿದ ಗುಡಾಣಕ್ಕೆ ಹಳೆ ರಜಾಯಿ ಸುತ್ತಿ ಅಲ್ಲೇ ಕೂರಿಸಿದೆವು. ಒಳಗೆ ಇಪ್ಪತ್ತೈದರಿಂದ ಮೂವತ್ತು ಡಿಗ್ರಿ ಉಳಿಯಬೇಕು, ರಾತ್ರಿ ಕೆಂಡ ಆರಿದರೆ ಮುಗಿಯಿತು. ಹಾಗಾಗಿ ಅಜ್ಜಿ ಮೊಮ್ಮಗಳು ಗುಡಾಣದ ಪಕ್ಕದಲ್ಲೇ ಮಲಗಿದರು. ರಾತ್ರಿ ಎರಡಕ್ಕೆ ಅಜ್ಜಿ ಕಟ್ಟಿಗೆ ಹಾಕುವುದು, ಇವಳು ಥರ್ಮಾಮೀಟರ್ ಓದುವುದು. “ಉರಿ ಕಾಂಗಾಜಿ” ಅಂತ ಅತ್ತೆ ಕರೆಯುತ್ತಾರೆ, ನಮ್ಮ ನಾಯಿಮರಿ ಅಂತ ಅರ್ಥ. ವಾಸನೆಯೂ ನಾಯಿಮರಿಯದ್ದೇ ಆಗಿತ್ತು.

ಹುದುಗು ಏಳಲು ಸಿಹಿ ಏನಾದರೂ ಬೇಕು, ಮಧ್ಯೆ ಸುಮ್ನೆ ಒಂದು ಸಣ್ಣ ಜಾಡಿಯಲ್ಲಿ ಊರಿನ ಬೆಲ್ಲ ಹಾಕಿ ನೋಡಿದೆ. ಮೂರೇ ದಿನಕ್ಕೆ ಬಣ್ಣ ಬಂತು, ಆದರೆ ತೆಳು, ವಾರಕ್ಕೆ ಸತ್ತಿತು. ಉಳಿದ ಬೆಲ್ಲ ಅತ್ತೆ ತಿಂದು ಮುಗಿಸಿದರು.

ದೊಡ್ಡ ಗುಡಾಣಕ್ಕೆ ಅಕ್ಕಿ ಪಾಕ ಹಾಕಿದ್ದು ಹೇಳುತ್ತೇನೆ, ಎಷ್ಟು, ಯಾವ ದಿನ ಅನ್ನೋದು ಹೇಳಲ್ಲ. ಹತ್ತನೆಯದೋ ಹನ್ನೊಂದನೆಯದೋ ಬೆಳಗ್ಗೆ ತಾಮ್ರದ ಹೊಳಪಿನ ಪೊರೆ, ಮೇಲೆ ನೀಲಿ ಹೂನೊರೆ. ಮಗಳು ಹತ್ತಿ ಬಟ್ಟೆ ಅದ್ದಿ ತೆಗೆದಾಗ ಹಸಿರು ಹಳದಿ. ಅಜ್ಜಿ ಎಣಿಸುತ್ತಿದ್ದರು, ಮೂವತ್ತು ಮುಗಿಯುವಷ್ಟರಲ್ಲಿ ಕೈಯಲ್ಲೇ ನೀಲಿಯಾಯಿತು. ಅವಳ ಉಗುರು ಎರಡು ವಾರ ಹಾಗೇ ಇತ್ತು.

ಆರು ಶಾಲು ಮಾರಿದೆವು, ಒಂದಕ್ಕೆ ಅರವತ್ತು ಸಾವಿರ ವಾನ್. ಹಾಕಿದ ದುಡ್ಡು ಇನ್ನೂ ಪೂರ್ತಿ ಬಂದಿಲ್ಲ. ಪಕ್ಕದ ಬೀದಿಯವರು ಕೆಸರು ಕೇಳಿಕೊಂಡು ಬಂದರು, ಕೊಟ್ಟೆ, ಪಾಕದ ಲೆಕ್ಕ ಕೊಡಲಿಲ್ಲ.

ಈಗ ಮಗಳು ದಿನಾ ರಾತ್ರಿ ವಿಡಿಯೋ ಕಾಲ್ ಮಾಡುತ್ತಾಳೆ. ಅತ್ತೆ ತಮ್ಮ ಮುಖ ತೋರಿಸುವುದಿಲ್ಲ, ಫೋನನ್ನು ಸೀದಾ ಗುಡಾಣದ ಮೇಲೆ ಹಿಡಿಯುತ್ತಾರೆ. ಹೋದ ವಾರ ಕೈ ಜಾರಿ ಅದರೊಳಗೇ ಬಿತ್ತು.