ಅಮೆರಿಕದಲ್ಲಿ ಬೇಟೆಗೂ ಮನೆಮಂದಿಗೂ ಆಗುವ ಜಮೀನು: ಕೊಳ್ಳುವ ಮೊದಲು, ಕೊಂಡ ಮೇಲೆ

ಜಾಹೀರಾತಿನಲ್ಲಿ ಕೊಂಬಿನ ಜಿಂಕೆಯ ಫೋಟೊ ಇರುತ್ತದೆ, ದಾರಿಯ ಫೋಟೊ ಇರುವುದಿಲ್ಲ. ಜಿಂಕೆ ಪಕ್ಕದವರ ಕಾಡಿನಿಂದಲೂ ಬಂದೀತು, ದಾರಿ ಹಾಗೆ ಬರುವುದಿಲ್ಲ. ಆದ್ದರಿಂದ ಮೊದಲು ದಾರಿ, ಆಮೇಲೆ ಕಾಗದ, ಆಮೇಲೆ ನೀರು. ಬೇಟೆಯ ಲೆಕ್ಕ ಕೊನೆಗೆ.

ಜಮೀನು ಸಾರ್ವಜನಿಕ ರಸ್ತೆಗೆ ತಾಗಿದ್ದರೆ ಸರಿ. ಬೇರೆಯವರ ಜಾಗ ದಾಟಿ ಹೋಗಬೇಕಿದ್ದರೆ ಈಸ್‌ಮೆಂಟ್ (ದಾಟುವ ಹಕ್ಕಿನ) ಪತ್ರ ಕೌಂಟಿ ಕಚೇರಿಯಲ್ಲಿ ದಾಖಲಾಗಿರಲೇಬೇಕು. "ನಲವತ್ತು ವರ್ಷದಿಂದ ಹೀಗೇ ಓಡಾಡ್ತಿದ್ದೇವೆ" ಎಂದು ಮಾರುವವರು ಹೇಳಿದರೆ ಅದು ಪಕ್ಕದವರ ಒಳ್ಳೆಯತನವಷ್ಟೇ ಇರಬಹುದು, ಅದನ್ನೇ ಹಕ್ಕು ಎಂದು ನಂಬಬೇಡಿ. ಆ ಜಾಗ ಕೈ ಬದಲಾದ ದಿನ ಗೇಟಿಗೆ ಬೀಗ ಬೀಳಬಹುದು. ಪತ್ರ ಇದ್ದರೂ ಓದಿ: ಅಗಲ ಎಷ್ಟು, ವಿದ್ಯುತ್ ತಂತಿ ಎಳೆಯಬಹುದೇ, ರಿಪೇರಿ ಯಾರದು, ಹಕ್ಕು ಜಮೀನಿಗೆ ಸೇರಿದ್ದೋ ಒಬ್ಬ ವ್ಯಕ್ತಿಗೆ ಕೊಟ್ಟದ್ದೋ.

ಕಾಗದದಲ್ಲಿ ಎಡವುವ ಜಾಗಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಅವೇ. ವಾರಂಟಿ ಡೀಡ್‌ನಲ್ಲಿ ಮಾರುವವರು ಹಕ್ಕಿಗೆ ಹೊಣೆಯಾಗುತ್ತಾರೆ. ಕ್ವಿಟ್‌ಕ್ಲೇಮ್ ಡೀಡ್ ಹೇಳುವುದು ಇಷ್ಟೇ: ನನಗೇನಾದರೂ ಹಕ್ಕಿದ್ದರೆ ಬಿಟ್ಟುಕೊಟ್ಟಿದ್ದೇನೆ. ಅಪರಿಚಿತರಿಂದ ಅಂಥದ್ದನ್ನು ತೆಗೆದುಕೊಳ್ಳಬೇಡಿ. ಟೈಟಲ್ ಇನ್ಶೂರೆನ್ಸ್, ಅಂದರೆ ಮಾಲೀಕತ್ವದ ತಕರಾರಿಗೆ ವಿಮೆ, ಮಾಡಿಸಿ. ಅದರ ಶೆಡ್ಯೂಲ್ ಬಿ ಪುಟ ತೆರೆದು ನೋಡಿ. ಯಾವ ಯಾವ ತಕರಾರಿಗೆ ವಿಮೆ ಇಲ್ಲ ಎನ್ನುವುದು ಅಲ್ಲೇ ಇರುತ್ತದೆ. ಟೆಕ್ಸಸ್, ಒಕ್ಲಹೋಮ, ಪೆನ್ಸಿಲ್ವೇನಿಯಾ ಕಡೆ ನೆಲದಡಿಯ ಎಣ್ಣೆ, ಅನಿಲ, ಕಲ್ಲಿದ್ದಲಿನ ಹಕ್ಕನ್ನು ಹಿಂದೆಯೇ ಬೇರೆಯವರಿಗೆ ಮಾರಿರುವುದು ಸಾಮಾನ್ಯ. ಅಂಥವರು ಅದನ್ನು ತೆಗೆಯಲು ನಿಮ್ಮ ನೆಲದ ಮೇಲೆ ರಸ್ತೆ ಮಾಡಿಕೊಳ್ಳಬಹುದು. ನಿಂತ ಮರಗಳನ್ನು ಯಾರಿಗಾದರೂ ಮೊದಲೇ ಮಾರಿದ್ದಾರೆಯೇ, ಜಮೀನು ಸಿಆರ್‌ಪಿ (ಉಳದೆ ನೆಲ ಕಾಪಾಡುವ ಸರ್ಕಾರಿ ಯೋಜನೆ) ಒಪ್ಪಂದದಲ್ಲಿದೆಯೇ ಎಂದೂ ಕೇಳಿ. ಆ ಸರ್ಕಾರಿ ಒಪ್ಪಂದ 10ರಿಂದ 15 ವರ್ಷದ್ದು. ಆ ನೆಲವನ್ನು ನಿಮಗೆ ಬೇಕಾದಾಗ ಉಳುವಂತಿಲ್ಲ. ಬೇಲಿಯನ್ನು ಗಡಿ ಎಂದುಕೊಳ್ಳಬೇಡಿ. ದನಕ್ಕೆ ಹಾಕಿದ ಬೇಲಿ ದನಕ್ಕೆ ಅನುಕೂಲವಾದಲ್ಲಿ ಇರುತ್ತದೆ. ಪರವಾನಗಿ ಇರುವ ಸರ್ವೆಯವರಿಂದ ಮೂಲೆಗಳಲ್ಲಿ ಕಬ್ಬಿಣದ ಗೂಟ ಹಾಕಿಸಿ.

ವೀಸಾದ ಮೇಲಿರುವ ನಮ್ಮವರಿಗೆ ಇನ್ನೆರಡು ಮಾತು. ಪೌರತ್ವವೂ ಗ್ರೀನ್ ಕಾರ್ಡೂ ಇಲ್ಲದವರು 10 ಎಕರೆಗಿಂತ ಹೆಚ್ಚು ಕೃಷಿ ಅಥವಾ ಕಾಡಿನ ಜಮೀನು ಕೊಂಡರೆ, 1978ರ ಕಾಯ್ದೆಯಂತೆ 90 ದಿನದೊಳಗೆ ಫೆಡರಲ್ ಕೃಷಿ ಇಲಾಖೆಗೆ ಎಫ್‌ಎಸ್‌ಎ-153 ಫಾರಂ ಸಲ್ಲಿಸಬೇಕು. ಮರೆತರೆ ದಂಡ ಜಮೀನಿನ ಮಾರುಕಟ್ಟೆ ಬೆಲೆಯ ಶೇ. 25ರವರೆಗೂ ಹೋಗಬಹುದು. ಎರಡನೆಯದು ಬಂದೂಕು. ಎಚ್-1ಬಿಯಂಥ ವೀಸಾದಲ್ಲಿರುವವರು ಬಂದೂಕು ಹೊಂದುವುದು ಫೆಡರಲ್ ಅಪರಾಧ; ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಸ್ವಂತ ಜಮೀನಿನಲ್ಲಿ ಬೇಟೆಗೆ ಲೈಸೆನ್ಸೇ ಬೇಡ ಎನ್ನುವ ರಾಜ್ಯಗಳಿವೆ. ಅದನ್ನು ನಂಬಿ ಲೈಸೆನ್ಸ್ ಕೈಬಿಟ್ಟಿರೋ, ವಿನಾಯಿತಿಯೂ ಕೈಬಿಟ್ಟ ಹಾಗೆ.

ನೀರಿಗೆ ಬನ್ನಿ. ಮನೆ ಅಥವಾ ಕ್ಯಾಬಿನ್ ಕಟ್ಟುವ ಯೋಚನೆ ಇದ್ದರೆ ಖರೀದಿ ಕರಾರಿನಲ್ಲೇ ಒಂದು ಷರತ್ತು ಬರೆಸಿ: ಪರ್ಕ್ ಟೆಸ್ಟ್ ಪಾಸಾಗದಿದ್ದರೆ ಮುಂಗಡ ವಾಪಸ್. ಮಣ್ಣು ನೀರನ್ನು ಎಷ್ಟು ಬೇಗ ಹೀರುತ್ತದೆ ಎಂದು ನೋಡುವ ಪರೀಕ್ಷೆ ಅದು. ಜೇಡಿ ಮಣ್ಣು ಹೀರದಿದ್ದರೆ ಮನೆಯ ಕೊಳಚೆ ಇಂಗಿಸುವ ಮಾಮೂಲಿ ಸೆಪ್ಟಿಕ್‌ಗೆ ಒಪ್ಪಿಗೆ ಸಿಗುವುದಿಲ್ಲ. ಬೋರ್‌ವೆಲ್‌ಗೂ ಸೆಪ್ಟಿಕ್‌ಗೂ ನಡುವೆ ಹಲವು ರಾಜ್ಯಗಳು 50ರಿಂದ 100 ಅಡಿ ಅಂತರ ಕೇಳುತ್ತವೆ. ಫೆಡರಲ್ ವಿಪತ್ತು ಸಂಸ್ಥೆ ಫೆಮಾದ ಪ್ರವಾಹ ನಕ್ಷೆ ಉಚಿತ, ಮಣ್ಣಿನ ನಕ್ಷೆಯೂ ಉಚಿತ. ಜೌಗು ನೆಲವನ್ನು ಕೇಳದೆ ಮುಚ್ಚುವಂತಿಲ್ಲ. ನಕ್ಷೆ ಎಷ್ಟೇ ನೋಡಿದರೂ ಜೋರು ಮಳೆಯ ಮರುದಿನ ಒಮ್ಮೆ ಜಮೀನಿಗೆ ಹೋಗಿಬನ್ನಿ.

ಮಿಡ್‌ವೆಸ್ಟ್ ಕಡೆ "ನಲವತ್ತು" ಎಂಬುದೇ ಒಂದು ಅಳತೆ: 640 ಎಕರೆಯ ಒಂದು ಸೆಕ್ಷನ್‌ನ ಹದಿನಾರನೇ ಒಂದು ಪಾಲು. ಚೌಕಾಕಾರದ 40 ಎಕರೆಯ ಒಂದು ಬದಿ 1,320 ಅಡಿ, ಅಂದರೆ ಕಾಲು ಮೈಲಿ. ಪುಟ್ಟ .22 ಗುಂಡು ಕೂಡ ಒಂದು ಮೈಲಿಗಿಂತ ದೂರ ಹೋಗಬಲ್ಲದು. ನಿಮ್ಮ ಇಡೀ ಜಮೀನನ್ನು ನಾಲ್ಕು ಸಲ ದಾಟಿದಷ್ಟು! ಹಾಗಾಗಿ ಮರದ ಮೇಲೆ ಕೂತು ಬೇಟೆಯಾಡುವ ಅಟ್ಟಣೆ ಎಲ್ಲಿ ಕಟ್ಟಬೇಕೆಂದು ಹೇಳುವುದು ಜಿಂಕೆಯ ಜಾಡಲ್ಲ, ಗುಂಡಿನ ಹಿಂದೆ ಏನಿದೆ ಎಂಬುದು. ಮೇಲಿಂದ ಕೆಳಮುಖವಾಗಿ, ಹಿಂದೆ ದಿಬ್ಬದ ಮಣ್ಣು ಇರುವ ಕಡೆಗಷ್ಟೇ ಗುಂಡು. ಕ್ಯಾಬಿನ್, ಮಕ್ಕಳು ಆಡುವ ಜಾಗ, ಪಕ್ಕದ ಮನೆ ಇವನ್ನು ನಕ್ಷೆಯ ಮೇಲೆ ಗುರುತಿಸಿ, ಆ ದಿಕ್ಕುಗಳನ್ನು ಮೊದಲೇ ಬಿಟ್ಟುಬಿಡಿ. ಉಳಿದ ದಿಕ್ಕುಗಳಲ್ಲಿ ಗಾಳಿ ನೋಡಿ. ಗಾಳಿ ನಿಮ್ಮಿಂದ ಜಿಂಕೆ ಮಲಗುವ ಪೊದೆಯ ಕಡೆ ಬೀಸುತ್ತಿದ್ದರೆ ಆ ಸಂಜೆ ಅಲ್ಲಿ ಕೂರಲೇಬೇಡಿ.

ಕೊಂಡ ಮೇಲೆ ಹಣ ನುಂಗುವುದು ಒಳದಾರಿ. 12 ಅಡಿ ಅಗಲ, 4 ಇಂಚು ದಪ್ಪಕ್ಕೆ ಜಲ್ಲಿ ಹಾಕಿದರೆ ಪ್ರತಿ 100 ಅಡಿಗೆ ಸುಮಾರು 15 ಘನ ಗಜ, ಸರಿಸುಮಾರು 20 ಟನ್ ಬೇಕು. ಕೆಸರು ನೆಲದಲ್ಲಿ ಕೆಳಗೆ ಜಿಯೊಟೆಕ್ಸ್‌ಟೈಲ್ ಬಟ್ಟೆ ಹಾಸದೆ ಜಲ್ಲಿ ಸುರಿದರೆ ಬರುವ ವಸಂತದ ಹೊತ್ತಿಗೆ ಅದು ಮಣ್ಣಿನೊಳಗೆ ಇಳಿದಿರುತ್ತದೆ. ದಾರಿ ಹಾಳಾಗುವುದು ಗಾಡಿಯಿಂದಲ್ಲ, ನೀರಿನಿಂದ. ನಡು ಭಾಗ ಅಂಚಿಗಿಂತ 3 ಇಂಚು ಎತ್ತರ ಇರಲಿ; ಸಮತಟ್ಟಾದರೆ ಚಕ್ರದ ಗುರುತೇ ಕಾಲುವೆಯಾಗುತ್ತದೆ. ತೊರೆ ದಾಟುವಲ್ಲಿನ ಮೋರಿ ಪೈಪಿನ ಮೇಲೆ ಕನಿಷ್ಠ ಒಂದು ಅಡಿ ಮಣ್ಣು ಇರಬೇಕು, ಇಲ್ಲವಾದರೆ ಜಲ್ಲಿ ಲಾರಿಯೇ ಅದನ್ನು ಚಪ್ಪಟೆ ಮಾಡುತ್ತದೆ. ಎಲೆ ಉದುರಿದ ಮೇಲೆ ಪೈಪಿನ ಬಾಯಿ ಬಿಡಿಸುವುದನ್ನು ಮರೆಯಬೇಡಿ. ಎಲ್ಲೇ ಅಗೆಯುವ ಮೊದಲು, ನೆಲದಡಿಯ ತಂತಿ, ಪೈಪುಗಳನ್ನು ಗುರುತಿಸಿಸಲು 811ಕ್ಕೆ ಫೋನ್ ಮಾಡಿ.

ಜಿಂಕೆಗೆ ಮೇವಿನ ತಾಕು ಮಾಡುವವರು ಬೀಜಕ್ಕೆ ದುಡ್ಡು ಸುರಿದು ಮಣ್ಣನ್ನು ಮರೆಯುತ್ತಾರೆ. ಕಾಲು ಎಕರೆ ಸಾಕು, ಅಂದರೆ ಹತ್ತಿರ ಹತ್ತಿರ 104 ಅಡಿ ಚೌಕ. ಮಣ್ಣು ಪರೀಕ್ಷೆ ಮಾಡಿಸಿ. ಜಿಂಕೆ ಮೇಯುವ ಬಿಳಿ ಕ್ಲೋವರ್ ಗಿಡಕ್ಕೆ ಪಿಎಚ್ 6ಕ್ಕಿಂತ ಮೇಲಿರಬೇಕು; ಮಣ್ಣು ಅದಕ್ಕಿಂತ ಹುಳಿಯಾಗಿದ್ದರೆ ಸುಣ್ಣ ಬೇಕು. ಎಕರೆಗೆ 2 ಟನ್ ಕೃಷಿ ಸುಣ್ಣ ಎಂದು ವರದಿ ಬಂದರೆ ನಿಮ್ಮ ತಾಕಿಗೆ 1,000 ಪೌಂಡ್, 40 ಪೌಂಡಿನ 25 ಚೀಲ. ಸುಣ್ಣ ಕೆಲಸ ಮಾಡಲು ತಿಂಗಳುಗಳೇ ಬೇಕು, ಹಾಗಾಗಿ ಬಿತ್ತುವ ಹಿಂದಿನ ಶರತ್ಕಾಲದಲ್ಲೇ ಹಾಕಿ. ಎಕರೆಗೆ 8 ಪೌಂಡ್ ಲೆಕ್ಕದಲ್ಲಿ ಬೀಜ ಬರೀ 2 ಪೌಂಡ್. ಅಂಗೈಯಲ್ಲಿ ಹಿಡಿದರೆ ಸಾಸಿವೆಗಿಂತ ಸಣ್ಣದು, ನಾಲ್ಕು ಹೆಜ್ಜೆಗೇ ಖಾಲಿಯಾಗುತ್ತದೆ. ಒಣ ಮರಳು ಬೆರೆಸಿಕೊಂಡು ಎರಚಿ. ಕಾಲು ಇಂಚಿಗಿಂತ ಆಳಕ್ಕೆ ಹೋದ ಬೀಜ ಮೇಲೇಳುವುದು ಕಷ್ಟ. ಚಳಿ ಸೀಮೆಯಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ನೆಲದ ಮೇಲೆ ಸುಮ್ಮನೆ ಚೆಲ್ಲಿದರೆ ಸಾಕು, ನೆಲವೇ ಬಿರಿದು ಬೀಜವನ್ನು ಒಳಗೆಳೆದುಕೊಳ್ಳುತ್ತದೆ. ಮೆಕ್ಕೆಜೋಳ ರಾಶಿ ಹಾಕುವುದು ಬೇರೆ ವಿಷಯ: ಅದು ಆಮಿಷ, ಹಲವು ರಾಜ್ಯಗಳಲ್ಲಿ ನಿಷಿದ್ಧ.

ಗಡಿಗೆ ಬಣ್ಣ ಹಚ್ಚಿ. ಟೆಕ್ಸಸ್‌ನಲ್ಲಿ ಮರದ ಮೇಲಿನ ನೇರಳೆ ಪಟ್ಟಿ "ಒಳಗೆ ಬರಬೇಡಿ" ಫಲಕಕ್ಕೆ ಸಮ: 8 ಇಂಚು ಉದ್ದ, 1 ಇಂಚು ಅಗಲ, ನೆಲದಿಂದ 3ರಿಂದ 5 ಅಡಿ ಎತ್ತರ, ಕಾಡಿನಲ್ಲಿ 100 ಅಡಿಗೊಂದು. ಬೇರೆ ರಾಜ್ಯಗಳ ಅಳತೆ ಬೇರೆ. ಕೆಲವು ಕಡೆ ಬಣ್ಣಕ್ಕೆ ಬೆಲೆಯೇ ಇಲ್ಲ, ಫಲಕವೇ ಬೇಕು. ಹೊಣೆಗಾರಿಕೆಯ ವಿಮೆ ಇರಲಿ. ಬೇರೆಯವರನ್ನು ಬಿಟ್ಟಿಯಾಗಿ ಬೇಟೆಗೆ ಬಿಟ್ಟರೆ ಮಾಲೀಕರಿಗೆ ರಾಜ್ಯದ ಕಾನೂನು ಒಂದಿಷ್ಟು ರಕ್ಷಣೆ ಕೊಡುತ್ತದೆ, ದುಡ್ಡು ಇಸಕೊಂಡರೆ ಸಾಮಾನ್ಯವಾಗಿ ಅದು ಹೋಗುತ್ತದೆ.

ಮಕ್ಕಳು ಓಡಾಡುವ ದಾರಿಯ ಇಕ್ಕೆಲದ ಹುಲ್ಲನ್ನು ಗಿಡ್ಡವಾಗಿ ಇಡಿ. ಉಣುಗು (ಟಿಕ್) ಕಾಯುವುದು ಉದ್ದ ಹುಲ್ಲಿನ ತುದಿಯಲ್ಲಿ. ಶೇ. 0.5 ಪರ್ಮೆಥ್ರಿನ್ ಕೀಟನಾಶಕವನ್ನು ಬಟ್ಟೆಗೆ ಹೊಡೆದು ಒಣಗಿಸಿ, ಮೈಗೆ ಬೇಡ. ಒದ್ದೆಯಿರುವಾಗ ಬೆಕ್ಕು ಹತ್ತಿರ ಬಾರದಿರಲಿ. ಸಂಜೆ ಕಂಕುಳು, ಕಿವಿ ಹಿಂದೆ, ಮೊಣಕಾಲ ಸಂದಿ ನೋಡಿ. ಕಚ್ಚಿಕೊಂಡಿದ್ದರೆ ಸಣ್ಣ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆಳೆಯಿರಿ. ಉಣುಗಿನಿಂದ ಮನುಷ್ಯರಿಗೆ ಲೈಮ್ ರೋಗ ದಾಟಲು ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚು ಬೇಕು, ಅಂದರೆ ದಿನಾ ನೋಡುವುದೇ ಔಷಧ.

ಅಟ್ಟಣೆಯ ಪಟ್ಟಿಗಳನ್ನು ಋತು ಮುಗಿದೊಡನೆ ಸಡಿಲಿಸಿ. ಮರ ದಪ್ಪವಾಗುತ್ತದೆ, ಪಟ್ಟಿ ಬಿಗಿಯುತ್ತದೆ, ಅಳಿಲು ಕಡಿಯುತ್ತದೆ. ಮುಂದಿನ ವರ್ಷ ಹತ್ತುವಾಗ ಕಿತ್ತುಬರುವುದು ಅದೇ. ಹತ್ತುವವರು ನೆಲ ಬಿಟ್ಟ ಕ್ಷಣದಿಂದಲೇ ಹಾರ್ನೆಸ್ (ಬೀಳದಂತೆ ಹಿಡಿಯುವ ಮೈಪಟ್ಟಿ) ಹಗ್ಗಕ್ಕೆ ಸಿಕ್ಕಿಸಿಕೊಂಡಿರಬೇಕು, ಬಂದೂಕು ಗುಂಡು ತೆಗೆದ ಸ್ಥಿತಿಯಲ್ಲಿ ಆಮೇಲೆ ಹಗ್ಗದಲ್ಲಿ ಮೇಲೆ ಬರಬೇಕು.